ಪಾಟೀಲ ಸಾಹೇಬ್ರಿಗೆ ಜಯವಾಗಲಿ, ಯಾವ ಪಾಟೀಲರಾದರೂ ಸರಿ

ತಿಕೋಟಾ ಸೀಮೆಯಲ್ಲಿ ಸಮಾಜಸೇವೆಯ ಹುಕಿ ಹತ್ತುವುದಕ್ಕೂ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೆಲಸ ಬೀಳುವುದಕ್ಕೂ ಏನೋ ನಂಟಿದೆ. 2023ರ ವಿಧಾನಸಭೆ ಚುನಾವಣೆ ಘೋಷಣೆಯಾದದ್ದು ಮಾರ್ಚ್ 29ಕ್ಕೆ. ಹಣ್ಣು ಕೊಯ್ದು, ದ್ರಾವಣದಲ್ಲಿ ಅದ್ದಿ, ಶೆಡ್ಡಿನ ಜಾಳಿಗೆಗಳ ಮೇಲೆ ಹರವಿ ಎರಡು ವಾರ ಒಣಗಿಸುವ ಕಾಲ ಅದು. ಪಡುವಣದಲ್ಲಿ ಮೋಡ ಕಂಡರೆ ಅಪ್ಪನ ಎದೆ ಧಸಕ್ಕೆನ್ನುತ್ತದೆ. ಮಗನ ಎದೆಯಲ್ಲಿ ಅದೇ ಹೊತ್ತಿಗೆ ಅಂತಃಸಾಕ್ಷಿ ಮಿಸುಕುತ್ತದೆ.

‘ಅಪ್ಪಾ, ಈ ಸಲ ನಾ ಮನ್ಯಾಗ ಕುಂಡ್ರಾಂವಲ್ಲ. ಸಮಾಜಕ್ಕ ಏನರ ಮಾಡಬೇಕು.’

‘ಮಾಡಪಾ, ಬ್ಯಾಡಂದವ್ರ್ಯಾರು? ಮದ್ಲ ಈ ತಾಡಪತ್ರಿ ತುದಿ ಹಿಡಿ.’

ತುದಿ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿರುತ್ತದೆ. ಮಗನ ಬೈಕು ಆಗಲೇ ಬಬಲೇಶ್ವರದ ಹಾದಿ ಹಿಡಿದಿರುತ್ತದೆ.

ಬೇರೆ ಜಿಲ್ಲೆಯಲ್ಲಾದರೆ ಇಂಥವನಿಗೆ ಯಾವ ಪಕ್ಷ, ಯಾವ ಸಿದ್ಧಾಂತ ಎಂಬ ತಲೆನೋವು ಇರುತ್ತದೆ. ನಮ್ಮಲ್ಲಿ ಮತದಾರರೇ ಅದನ್ನು ಬಗೆಹರಿಸಿಟ್ಟಿದ್ದಾರೆ. ಆ ಚುನಾವಣೆಯಲ್ಲಿ ವಿಜಯಪುರ ಜಿಲ್ಲೆ ಆರಿಸಿ ಕಳಿಸಿದ ಎಂಟು ಶಾಸಕರಲ್ಲಿ ಐವರು ಪಾಟೀಲರು. ಬಬಲೇಶ್ವರದ ಎಂ.ಬಿ. ಪಾಟೀಲ, ಬಸವನಬಾಗೇವಾಡಿಯ ಶಿವಾನಂದ ಪಾಟೀಲ, ಇಂಡಿಯ ಯಶವಂತರಾಯಗೌಡ ಪಾಟೀಲ ಕಾಂಗ್ರೆಸ್ಸಿನಿಂದ. ನಗರದ ಬಸನಗೌಡ ಪಾಟೀಲ ಯತ್ನಾಳ ಬಿಜೆಪಿಯಿಂದ. ದೇವರಹಿಪ್ಪರಗಿಯ ರಾಜುಗೌಡ ಪಾಟೀಲ ಜೆಡಿಎಸ್‌ನಿಂದ. ಮೂರೂ ಪಕ್ಷಕ್ಕೆ ಸಮನಾಗಿ ಅಲ್ಲದಿದ್ದರೂ ಪಾಲು ಸಿಕ್ಕಿದೆ. ಬಬಲೇಶ್ವರದಲ್ಲಂತೂ 2018ರಲ್ಲೂ 2023ರಲ್ಲೂ ಎಂ.ಬಿ. ಪಾಟೀಲರಿಗೆ ಎದುರಾಳಿಯಾಗಿ ನಿಂತವರು ವಿಜುಗೌಡ ಪಾಟೀಲರು. ‘ಪಾಟೀಲ ಸಾಹೇಬ್ರಿಗೆ ಜಯವಾಗಲಿ’ ಎಂದು ಬೆಳಿಗ್ಗೆ ಒಂದು ಶಲ್ಯ ಹೊದ್ದು ಕೂಗಿದವನು ಸಂಜೆ ಇನ್ನೊಂದು ಶಲ್ಯ ಹೊದ್ದು ಅದನ್ನೇ ಕೂಗಬಹುದು. ಗಂಟಲಿಗೆ ಗೊಂದಲವಿಲ್ಲ.

ಮರುವರ್ಷ ಮೇ 7ಕ್ಕೆ ಲೋಕಸಭೆ ಮತದಾನ. ವಿಜಯಪುರ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಕಣದಲ್ಲಿದ್ದ ದೊಡ್ಡ ಹೆಸರುಗಳು ರಮೇಶ ಜಿಗಜಿಣಗಿ ಮತ್ತು ರಾಜು ಆಲಗೂರ. ಆ ಸಲ ನಮ್ಮ ಓಣಿಯ ಹುಡುಗರ ಅಂತಃಸಾಕ್ಷಿ ಯಾಕೋ ಅಷ್ಟು ಮಿಸುಕಲಿಲ್ಲ. ಕೇಳಿದರೆ ‘ಭಾಳ ಬಿಸಲ್ರೀ’ ಎಂದರು. ಹಿಂದಿನ ವರ್ಷದ ಮೇ ತಿಂಗಳಲ್ಲಿ ವಿಜಯಪುರದಲ್ಲಿ ಹಿಮ ಬಿದ್ದಿತ್ತೇನೋ.

ಪಾಟೀಲರನ್ನೇ ನೆಚ್ಚಿದವನಿಗೂ ಕಷ್ಟಕಾಲ ಬರುತ್ತದೆ. 2025ರ ಮಾರ್ಚ್‌ನಲ್ಲಿ ಬಿಜೆಪಿ ಯತ್ನಾಳರನ್ನು ಆರು ವರ್ಷ ಉಚ್ಚಾಟಿಸಿತು. ಸಿದ್ಧಾಂತ ಪಕ್ಷದ ಕಚೇರಿಯಲ್ಲೇ ಉಳಿಯಿತೋ, ಗೌಡರ ಕಾರು ಹತ್ತಿ ಹೋಯಿತೋ ಎಂಬುದು ಗಾಂಧಿಚೌಕದ ಚಹಾದಂಗಡಿಯಲ್ಲಿ ಎಷ್ಟು ಕಪ್ಪು ಖಾಲಿಯಾದರೂ ತೀರ್ಮಾನವಾಗಲಿಲ್ಲ. ಜಾಣರು ಎರಡೂ ವಾಟ್ಸ್ಆ್ಯಪ್ ಗುಂಪಿನಲ್ಲಿ ಉಳಿದುಕೊಂಡರು. ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದ್ದು ಏಳು ಸಲ ಕೇಳುತ್ತದೆ ಎನ್ನುತ್ತಾರೆ, ಅದಕ್ಕೂ ಟಿಕೆಟ್ ತೆಗೆಸಬೇಕು; ಈ ಗುಂಪುಗಳಲ್ಲಿ ಗೌಡರ ಒಂದು ಮಾತು ಎಪ್ಪತ್ತು ಸಲ ಮರಳುತ್ತದೆ, ಪುಕ್ಕಟೆ.

ಸ್ವಯಂಸೇವಕರು ನಮ್ಮ ಸೀಮೆಗೆ ಹೊಸಬರೇನಲ್ಲ. ಹುಬ್ಬಳ್ಳಿಯ ನಾ.ಸು. ಹರ್ಡೀಕರ್ 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಮರುವರ್ಷ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನದಲ್ಲಿ ಸ್ವಯಂಸೇವಕರು ಕಸ ಗುಡಿಸಿದರು, ಕಕ್ಕಸು ಬಳಿಯಲೂ ಇಳಿದರು. ಅವರಲ್ಲಿ ಯಾರೂ ಕಸಬರಿಗೆ ಹಿಡಿದು ಸೆಲ್ಫಿ ತೆಗೆದುಕೊಳ್ಳಲಿಲ್ಲ. ಆಗ ಮೊಬೈಲ್ ಇರಲಿಲ್ಲ, ನಿಜ, ಆದರೂ ಮೆಚ್ಚಬೇಕು.

ಇವತ್ತಿನ ಸ್ವಯಂಸೇವಕನನ್ನು ಕಂಡರೆ ಹೆಚ್ಚು ಖುಷಿಪಡುವವರು ಅಭ್ಯರ್ಥಿಯ ಲೆಕ್ಕ ಬರೆಯುವವರು. ವಿಧಾನಸಭೆ ಅಭ್ಯರ್ಥಿಗೆ ಖರ್ಚಿನ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಚಹಾಕ್ಕಿಷ್ಟು, ಪಲಾವಿಗಿಷ್ಟು, ಕುರ್ಚಿ, ಶಾಮಿಯಾನ, ಹಾರಕ್ಕಿಷ್ಟು ಎಂದು ಜಿಲ್ಲಾ ಚುನಾವಣಾಧಿಕಾರಿಯ ದರಪಟ್ಟಿಯೇ ಇರುತ್ತದೆ. ಅಂತಃಸಾಕ್ಷಿಗೆ ಮಾತ್ರ ಆ ಪಟ್ಟಿಯಲ್ಲಿ ದರವಿಲ್ಲ. ಕ್ರೂಸರ್ ತುಂಬ ಮಂದಿ, ಮೇಲೊಂದು ಧ್ವಜ, ಚೆಕ್‌ಪೋಸ್ಟಿನಲ್ಲಿ ಅಡ್ಡಗಟ್ಟಿದರೆ ಒಳಗಿನಿಂದ ಒಕ್ಕೊರಲು: ‘ನಮ್ಮ ಖುಷೀಲೆ ಹೊಂಟೀವ್ರೀ ಸಾಹೇಬ್ರ.’ ಹಿಂದಿನ ಸೀಟಿನ ಮುದುಕ ಮಾತ್ರ ಪಾಠ ಮರೆತು ‘ಲಗ್ನಕ್ಕ ಹೊಂಟೀವ್ರೀ’ ಎಂದುಬಿಡುತ್ತಾನೆ.

ಅದೇ ಕ್ರೂಸರ್‌ನಲ್ಲಿ ಕೂಲಿಗೆ ಬಂದ ಹೆಣ್ಣುಮಕ್ಕಳೂ ಇರುತ್ತಾರೆ. ‘ದುಡ್ಡಿಗೆ ಬರೋ ಮಂದಿ’ ಎಂದು ಅವರನ್ನು ಕಂಡು ಮೂಗು ಮುರಿಯುವುದು ಓದಿದವರ ವಾಡಿಕೆ. ನನಗೆ ಆ ಇಡೀ ಗಾಡಿಯಲ್ಲಿ ನೆಟ್ಟಗೆ ಕಾಣುವವರು ಅವರೇ. ದ್ರಾಕ್ಷಿ ಕೊಯ್ದರೂ ಅದೇ ಬಿಸಿಲು, ಕೈಯೆತ್ತಿ ಕೂಗಿದರೂ ಅದೇ ಬಿಸಿಲು. ಪಗಾರ ಸಂಜೆಗೆ ಚುಕ್ತಾ. ಗೆದ್ದವರ ಮನೆ ಬಾಗಿಲಿಗೆ ಅವರು ಮತ್ತೆ ಹೋಗುವುದಿಲ್ಲ. ರೊಕ್ಕ ಮುಟ್ಟದ ನಿಸ್ವಾರ್ಥಿ ಇದ್ದಾನಲ್ಲ, ಅವನದು ಸಾಲ ಕೊಟ್ಟವನ ವಸೂಲಿ. ವರ್ಗಾವಣೆಗೊಂದು ಪತ್ರ, ತಮ್ಮನಿಗೊಂದು ಹೊರಗುತ್ತಿಗೆ ಕೆಲಸ, ಗಟಾರದ ಗುತ್ತಿಗೆ, ಕಡೆಗೆ ಬ್ಯಾನರ್‌ನಲ್ಲಿ ಗೌಡರ ಮೊಣಕೈ ಪಕ್ಕದಲ್ಲಿ ತನ್ನ ಮುಖ.

ಈ ವಸೂಲಿಗೆ ಸರ್ಕಾರಗಳೂ ದಾರಿ ಮಾಡಿಕೊಡುತ್ತವೆ. ನಿಗಮ ಮಂಡಳಿಗಳು ಮೊದಲಿನಿಂದಲೂ ಇದ್ದವು. ಈಗಿನ ಸರ್ಕಾರ ಗ್ಯಾರಂಟಿ ಅನುಷ್ಠಾನ ಸಮಿತಿಗಳನ್ನು ಮಾಡಿ, ಅಧ್ಯಕ್ಷರ ಕುರ್ಚಿಯಲ್ಲಿ ಕಾರ್ಯಕರ್ತರನ್ನು ಕೂರಿಸಿ ಗೌರವಧನ ಕೊಟ್ಟಿತು. 2025ರ ಮಾರ್ಚ್‌ನಲ್ಲಿ ವಿರೋಧ ಪಕ್ಷದವರು ಸದನದಲ್ಲಿ ಇದಕ್ಕೆ ಗದ್ದಲ ಎಬ್ಬಿಸಿದರು. ಅವರ ಸಿಟ್ಟು ನ್ಯಾಯವಾದದ್ದೇ. ತಮ್ಮ ಕಾಲದಲ್ಲಿ ಈ ಉಪಾಯ ಹೊಳೆಯಲಿಲ್ಲವಲ್ಲ ಎಂದರೆ ಯಾರಿಗೂ ಸಿಟ್ಟು ಬರುತ್ತದೆ.

ಸಮಿತಿಯೂ ಸಿಗದವನಿಗೆ ಒಂದು ಮಾತಿದೆ: ‘ಝಡ್‌ಪಿ ಟಿಕೆಟ್ ನಿನಗs, ಪಕ್ಕಾ.’ ಕೊಟ್ಟ ಮಾತು ತಪ್ಪದಿರಲು ಇದಕ್ಕಿಂತ ಭದ್ರವಾದ ಮಾತಿಲ್ಲ. ರಾಜ್ಯದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ ಮುಗಿದದ್ದು 2021ರಲ್ಲಿ. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ವರ್ಷಗಳು ಉರುಳಿದವು. ನಮ್ಮ ಹುಡುಗ ಮಾತ್ರ ಪ್ರತಿ ಜಾತ್ರೆಗೂ ‘ಭಾವಿ ಜಿಲ್ಲಾ ಪಂಚಾಯತ ಸದಸ್ಯರು’ ಎಂದು ಬ್ಯಾನರ್ ಕಟ್ಟಿಸುತ್ತಾನೆ. ಫೋಟೊ ಹಳೆಯದೇ, ಅದರಲ್ಲಿ ಕೂದಲು ಇನ್ನೂ ಇವೆ.

ಮೊನ್ನೆ ಆ ಬ್ಯಾನರಿನ ಕೆಳಗೆ ನಿಂತಿದ್ದವನನ್ನು ಕ್ರೂಸರ್‌ನ ಹಳೆಯ ಜೊತೆಗಾತಿಯೊಬ್ಬಳು ಗುರುತು ಹಿಡಿದಳು. ‘ಏನ್ ತಮ್ಮಾ, ಇನ್ನಾ ಇಲ್ಲೇ ಅದಿ? ಆವತ್ತಿಂದು ನಿನ್ನ ಪಗಾರ ಬಂತಿಲ್ಲೋ?’

‘ನಾವು ಪಗಾರದವ್ರಲ್ಲ ಕಾಕು, ಸೇವಾದವ್ರು.’

‘ಮುಂದಿನ ಸಲ ನನ್ನ ಕೂಡ ಬಾ’ ಎಂದಳು ಆಕೆ, ‘ಗಾಡಿ ಹತ್ತೂ ಮದ್ಲs ರೇಟ್ ಮಾತಾಡ್ತೀನಿ.’