ವಾಯುಭಾರ ಭಾವ

ಉಳವಿಯ ಮಳೆಗೆ ಪ್ರಚಾರ ಬೇಕಿಲ್ಲ. ಜೂನ್‌ನಲ್ಲಿ ಶುರುವಾದರೆ ಚೌತಿ ಕಳೆಯುವ ತನಕ ಹಂಚಿನ ಸಂದಿಯಿಂದ ತಾನೇ ಒಳಗಿಳಿದು, ಮನೆಯ ಪಾತ್ರೆ-ಪಗಡಗಳನ್ನೆಲ್ಲ ಜಗಲಿಯಲ್ಲಿ ಸಾಲಾಗಿ ಇಡಿಸಿಕೊಳ್ಳುತ್ತದೆ. ಆದರೂ ಅದಕ್ಕೊಬ್ಬರು ವಕ್ತಾರರಿದ್ದಾರೆ. ಅಪ್ಪ-ಅಮ್ಮ ಇಟ್ಟ ಹೆಸರು ಈಗ ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಊರಿಗೆ ಅವರು ವಾಯುಭಾರ ಭಾವ, ಶಾಲೆ ಮಕ್ಕಳಿಗೆ ವಾಯುಭಾರ ಮಾವ. ರೇಡಿಯೋದಲ್ಲಿ ‘ವಾಯುಭಾರ ಕುಸಿತ’ ಎಂದು ಕೇಳಿದರೆ ಉಳಿದವರು ಕೊಡೆ ಹುಡುಕುತ್ತಾರೆ, ಇವರು ಇಸ್ತ್ರಿ ಅಂಗಿ ಹುಡುಕುತ್ತಾರೆ. ಪೇಟೆಗೆ ಹೋಗಿ ನಾಲ್ಕು ಜನಕ್ಕೆ ತಿಳಿಸಬೇಕಲ್ಲ! ಪೇಟೆಯೆಂದರೆ ಚನ್ನಬಸವೇಶ್ವರನ ಗುಡಿಯ ಆಸುಪಾಸಿನ ಕೆಲವು ಅಂಗಡಿ, ಒಂದು ಚಹಾದ ಹೋಟೆಲು, ಒಂದು ಬೆಂಚು.

ಇಂಥವರು ಕುಂಬಾರವಾಡದಲ್ಲೂ ಒಬ್ಬರಿದ್ದಾರೆ, ಗುಂದದಲ್ಲೂ ಇದ್ದಾರೆ. ಘಟ್ಟದ ಕೆಳಗೆ ಕಾರವಾರ, ಅಂಕೋಲೆಯಲ್ಲಂತೂ ಕೇರಿಗೊಬ್ಬರು. ಆದರೆ ಕರಾವಳಿಯವರಿಗೆ ಚಂಡಮಾರುತದ ಚಿಂತೆ ಹೊಟ್ಟೆಪಾಡಿನದು, ದೋಣಿ ಇಳಿಸಬೇಕೋ ಬೇಡವೋ ಎಂಬುದು. ನಮಗೂ ಸಮುದ್ರಕ್ಕೂ ನಡುವೆ ಇಡೀ ಸಹ್ಯಾದ್ರಿ ಅಡ್ಡ ಮಲಗಿದೆ. ಭಾವನ ಚಿಂತೆ ಹೀಗಾಗಿ ಶುದ್ಧ ಶಾಸ್ತ್ರೀಯವಾದದ್ದು. ಸಮುದ್ರದ ನೀರು 26.5 ಡಿಗ್ರಿ ದಾಟಿದರೆ ಚಂಡಮಾರುತ ಹುಟ್ಟುವುದಕ್ಕೆ ಬೇಕಾದ ಕಾವು ಸಿಕ್ಕಿತು ಎಂಬುದು ಅವರಿಗೆ ಬಾಯಿಪಾಠ. ಬಚ್ಚಲ ಹಂಡೆಯ ನೀರು ಕಾದಿದೆಯೋ ಇಲ್ಲವೋ ಎಂಬುದನ್ನು ಮಾತ್ರ ಅವರ ಹೆಂಡತಿ, ನಮ್ಮ ಅಕ್ಕನನ್ನೇ ಕೇಳಬೇಕು.

ಅವರ ಕಚೇರಿ ಊರಾಚೆಯ ತಿರುವಿನಲ್ಲಿರುವ ಮೋರಿಕಟ್ಟೆ. ನಮ್ಮ ಕಡೆ ಮೊಬೈಲಿಗೆ ಸಿಗ್ನಲ್ ಸಿಗುವುದು ಹುಲಿ ಕಂಡಷ್ಟೇ ಅಪರೂಪ. ಎರಡೂ ಇರುವುದು ನಿಜ, ನೋಡಿದವರು ಕಡಿಮೆ. ಆ ಮೋರಿಯ ಎಡತುದಿಯಲ್ಲಿ, ಪೂರ್ವಕ್ಕೆ ಮುಖ ಮಾಡಿ ಕೈಯೆತ್ತಿದರೆ ಎರಡು ಕಡ್ಡಿ ಬರುತ್ತದೆ ಎಂದು ಕಂಡುಹಿಡಿದವರೇ ಭಾವ. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಸಕ್ಕರೆ ಚೀಲದ ಪ್ಲಾಸ್ಟಿಕ್ಕು ಸುತ್ತಿದ ಮೊಬೈಲು. ಮೋಡದ ಚಿತ್ರ ಮೇಲಿಂದ ಕೆಳಗೆ ಒಂದೊಂದೇ ಅಂಗುಲ ಬಿಚ್ಚಿಕೊಳ್ಳುತ್ತದೆ. ಗುಜರಾತು ಬಂತು, ಮುಂಬೈ ಬಂತು, ಗೋವಾ ಬರುವಷ್ಟರಲ್ಲಿ ನಿಂತಿತು. ಒಮ್ಮೆ ನಾನೂ ಜೊತೆಗಿದ್ದೆ. ಕೊನೆಗೂ ಚಿತ್ರ ಪೂರ್ತಿ ಬಂದಾಗ, “ನೋಡು, ಇನ್ನು ಅರ್ಧ ಗಂಟೆಯಲ್ಲಿ ನಮ್ಮಲ್ಲಿ ಮಳೆ” ಎಂದು ಗಂಭೀರವಾಗಿ ಹೇಳಿದರು. ಅವರ ಕೊಡೆಯ ಅಂಚಿನಿಂದ ನೀರು ಧಾರೆಯಾಗಿ ನನ್ನ ಹೆಗಲ ಮೇಲೆ ಇಳಿಯುತ್ತಿತ್ತು.

ಮಳೆಗಿಂತ ಅವರಿಗೆ ಪ್ರೀತಿ ಚಂಡಮಾರುತದ ಮೇಲೆ, ಚಂಡಮಾರುತಕ್ಕಿಂತ ಅದರ ಹೆಸರಿನ ಮೇಲೆ. ಗಾಳಿ ಗಂಟೆಗೆ 62 ಕಿಲೋಮೀಟರ್ ವೇಗ ಮುಟ್ಟಿದರೆ ಮಾತ್ರ ಹೆಸರು. ಅದಕ್ಕಿಂತ ಕೆಳಗೆ ಬರೀ ವಾಯುಭಾರ ಕುಸಿತ, ಗಾಢ ಕುಸಿತ. ಆ ಕೆಲವು ದಿನ ಭಾವನ ಓಡಾಟ ನೋಡಬೇಕು! ಮೊದಲ ಮೊಮ್ಮಗುವಿನ ಹೆರಿಗೆಗೆ ಕಾದ ಅಜ್ಜನ ಹಾಗೆ ಹೋಟೆಲಿಗೂ ಮೋರಿಗೂ ನಡುವೆ ತಿರುಗುತ್ತಾರೆ. ಹೆಸರಿನ ಪಟ್ಟಿ ಮೊದಲೇ ತಯಾರಿದೆ. 2020ರಲ್ಲಿ 13 ದೇಶಗಳು ತಲಾ 13 ಹೆಸರು ಕೊಟ್ಟು ಒಟ್ಟು 169 ಹೆಸರುಗಳ ಪಟ್ಟಿ ಮಾಡಿಟ್ಟಿವೆ. ಅದು ಭಾವನ ಪಂಚಾಂಗದೊಳಗೆ ಮಡಚಿಕೊಂಡು ಕೂತಿದೆ. ಭಾರತ ಕೊಟ್ಟ ಹೆಸರುಗಳಲ್ಲಿ ‘ನೀರ್’ ಎಂದೊಂದಿದೆ. ಅದು ಕನ್ನಡದ ಕೋಟಾದಲ್ಲೇ ಹೋದದ್ದು ಎಂದು ಅವರ ವಾದ. ‘ಕಾಳಿ’ ಎಂದೂ ಒಂದು ಹೆಸರು ಕಳಿಸಬೇಕು, ನಮ್ಮ ಹೊಳೆಯ ಹೆಸರು ಒಮಾನಿನ ತನಕ ಹೋಗಲಿ ಎಂದು ಅವರಿಗೆ ಬಹಳ ಆಸೆಯಿತ್ತು. ಹೆಸರು ಯಾರ ಧರ್ಮದ ನಂಬಿಕೆಗೂ ತಾಗಬಾರದು ಎಂಬ ನಿಯಮವಿದೆಯೆಂದು ಶಾಲೆಯ ಮೇಷ್ಟ್ರು ತಿಳಿಸಿದ ಮೇಲೆ ಸುಮ್ಮನಾದರು. ಮೇಷ್ಟ್ರ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ.

ಈ ಮೇಷ್ಟ್ರು ಭೂಗೋಳದವರು, ಭಾವನ ಖಾಯಂ ಎದುರಾಳಿ. ಜುಲೈ ತಿಂಗಳಲ್ಲಿ ಭಾವ “ಸೈಕ್ಲೋನ್ ಬಂತು” ಎಂದರೆ ಇವರು ಚಹಾದ ಲೋಟ ಕೆಳಗಿಟ್ಟು, “ಅದು ಮುಂಗಾರು ಮಾರಾಯ್ರೆ, ಸೈಕ್ಲೋನ್ ಅಲ್ಲ. ಈಗ ಕೆಳಗಿನ ಗಾಳಿ ಪಶ್ಚಿಮದಿಂದ, ಮೇಲಿನ ಗಾಳಿ ಪೂರ್ವದಿಂದ. ಹುಟ್ಟಿದರೂ ನಡುವೆ ಕತ್ತು ಮುರಿದುಹೋಗ್ತದೆ. ಅರಬ್ಬಿಯಲ್ಲಿ ಅದರ ಕಾಲ ಮೇ-ಜೂನು, ಆಮೇಲೆ ಅಕ್ಟೋಬರಿನಿಂದ ಡಿಸೆಂಬರು” ಎಂದು ಪಾಠ ಮಾಡುತ್ತಾರೆ. ವರ್ಷಗಟ್ಟಲೆ ಭಾವ ಇದನ್ನು ನುಂಗಿಕೊಂಡರು. 2024ರ ಆಗಸ್ಟ್ ಕೊನೆಯಲ್ಲಿ ಕಚ್ಛದ ನೆಲದ ಮೇಲಿದ್ದ ಗಾಢ ಕುಸಿತವೊಂದು ಸಮುದ್ರಕ್ಕಿಳಿದು ‘ಅಸ್ನಾ’ ಆಯಿತು. ಆಗಸ್ಟ್‌ನಲ್ಲಿ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದದ್ದು 1976ರ ನಂತರ ಅದೇ ಮೊದಲು. ಆ ದಿನ ಹೋಟೆಲಿನ ಬೆಂಚಿನ ಮೇಲಿದ್ದವರಿಗೆಲ್ಲ ಭಾವನ ಲೆಕ್ಕದಲ್ಲಿ ಚಹಾ. ಮೇಷ್ಟ್ರಿಗೆ ಎರಡು.

ಅಸ್ನಾದಿಂದ ಉಳವಿಗೆ ಒಂದು ತೊಟ್ಟು ನೀರೂ ಬರಲಿಲ್ಲ ಎಂಬುದು ಬೇರೆ ಮಾತು. ಅಸಲಿಗೆ ಭಾವನ ಜೀವನದ ದೊಡ್ಡ ಕೊರಗೇ ಇದು. ಅರಬ್ಬಿಯಲ್ಲಿ ಹುಟ್ಟಿದವು ಹೆಚ್ಚಾಗಿ ಒಂದೋ ಉತ್ತರಕ್ಕೆ ಗುಜರಾತಿನ ದಾರಿ ಹಿಡಿಯುತ್ತವೆ, ಇಲ್ಲವೋ ಪಶ್ಚಿಮಕ್ಕೆ ತಿರುಗಿ ಒಮಾನ್, ಯೆಮೆನ್ ಕಡೆ ನಡೆಯುತ್ತವೆ. 2019ರಲ್ಲಿ ‘ಕ್ಯಾರ್’ ಸರಿಯಾಗಿ ದೀಪಾವಳಿಗೆ ಸೂಪರ್ ಸೈಕ್ಲೋನ್ ಆಯಿತು. ನಮ್ಮ ಜಿಲ್ಲೆಯ ಕರಾವಳಿಗೆ ಮಳೆ ಸುರಿದು, ಗದ್ದೆಯ ಭತ್ತ ಮಲಗಿಸಿ, ಒಮಾನಿನ ಕಡೆ ಹೊರಟುಹೋಯಿತು. 2020ರ ಜೂನ್ 3ರಂದು ‘ನಿಸರ್ಗ’ ಅಲಿಬಾಗ್ ಹತ್ತಿರ ದಡ ಹತ್ತಿತು. 2023ರ ಜೂನ್‌ನಲ್ಲಿ ‘ಬಿಪರ್‌ಜಾಯ್’ ಬರುತ್ತದೆಂದು ಭಾವ ಊರಿಗೆಲ್ಲ ಸೌದೆ ಒಳಗೆ ಹಾಕಿಸಿದರು, ಮಾಡಿನ ಹಂಚಿನ ಮೇಲೆ ತಾಡಪತ್ರಿ ಹೊದಿಸಿದರು. ಅದು ಸಮುದ್ರದಲ್ಲೇ ವಾರಕ್ಕೂ ಹೆಚ್ಚು ಠಿಕಾಣಿ ಹೂಡಿ, ಮುಂಗಾರಿನ ತೇವವನ್ನೆಲ್ಲ ತನ್ನ ಕಡೆ ಎಳೆದುಕೊಂಡು, 15ರಂದು ಗುಜರಾತಿನ ಜಖೌ ಬಂದರಿನ ಬಳಿ ದಡ ಸೇರಿತು. ನಮ್ಮಲ್ಲಿ ಮೃಗಶಿರಾ ಮಳೆ ಹುಡುಕಿದರೂ ಇಲ್ಲ. ತಾಡಪತ್ರಿಯ ಕೆಳಗೆ ಜನ ಬೆವರುತ್ತ ಮಲಗಿದರು. ಚಂಡಮಾರುತದ ದಾರಿಯ ಬಗ್ಗೆ ಯುರೋಪಿನ ಕಂಪ್ಯೂಟರ್ ಲೆಕ್ಕ ಒಂದು ಹೇಳುತ್ತದೆ, ಅಮೆರಿಕದ ಲೆಕ್ಕ ಇನ್ನೊಂದು ಹೇಳುತ್ತದೆ. ಎರಡರಲ್ಲಿ ಉಳವಿಗೆ ಯಾವುದು ಹತ್ತಿರವೋ ಅದೇ ಭಾವನ ಲೆಕ್ಕ. ಪ್ರತಿ ಸಲವೂ ಕೊನೆಗೆ, “ಇದಕ್ಕೆ ನಮ್ಮೂರು ಅಂದ್ರೆ ಅಷ್ಟು ತಾತ್ಸಾರ” ಎಂದು ನಿಟ್ಟುಸಿರು.

ಅವರ ಮಾತು ಚಾಚೂ ತಪ್ಪದೆ ನಿಜವಾದದ್ದು 2021ರ ಮೇ ತಿಂಗಳಲ್ಲಿ, ‘ತೌಕ್ತೆ’ ಬಂದಾಗ. ಮರ ಬೀಳುತ್ತದೆ ಎಂದಿದ್ದರು, ಬಿತ್ತು. ಕರೆಂಟ್ ಹೋಗುತ್ತದೆ ಎಂದಿದ್ದರು, ಹೋಯಿತು. ಕರಾವಳಿಗೆ ಕಡಲು ನುಗ್ಗುತ್ತದೆ ಎಂದಿದ್ದರು, ನುಗ್ಗಿತು. ಏನು ಪ್ರಯೋಜನ? ಕೊರೊನಾ ಲಾಕ್‌ಡೌನು, ಅಂಗಡಿ ಬೆಳಿಗ್ಗೆ 6ರಿಂದ 10ರ ತನಕ ಮಾತ್ರ, ಹೋಟೆಲಿನ ಬೆಂಚು ಒಳಗೆ. ಜೀವಮಾನದ ಭವಿಷ್ಯ ನಿಜವಾದ ದಿನ ಕೇಳುವುದಕ್ಕೆ ಅಕ್ಕನ ಹೊರತು ಒಂದು ಜೀವ ಇರಲಿಲ್ಲ. ಅಕ್ಕನೋ, ಅಂಗಳದಲ್ಲಿ ಒಣಹಾಕಿದ್ದ ಹಲಸಿನ ಹಪ್ಪಳವನ್ನು ಬಾಚಿ ಬಾಚಿ ಒಳಗೆ ತರುತ್ತ, “ನಿಮ್ಮ ಮಾತು ನಂಬದೆ ಒಣಹಾಕಿದ್ದು ಇದೊಂದೇ ಸಲ ಕೈಕೊಡ್ತು ನೋಡಿ” ಎಂದರಂತೆ. ಇದನ್ನು ಭಾವ ಇವತ್ತಿಗೂ ಪ್ರಶಂಸಾಪತ್ರವೆಂದೇ ತಿಳಿದಿದ್ದಾರೆ.

ಮಳೆ ಅಳೆಯುವುದಕ್ಕೂ ಅವರದೇ ವ್ಯವಸ್ಥೆಯಿದೆ. ಎರಡು ಲೀಟರಿನ ತಂಪು ಪಾನೀಯದ ಬಾಟಲಿಯ ಕುತ್ತಿಗೆ ಕೊಯ್ದು, ತಳದ ಉಬ್ಬುತಗ್ಗು ಮುಚ್ಚುವಷ್ಟು ಹರಳುಕಲ್ಲು ಹಾಕಿ, ಅದರ ಮಟ್ಟಕ್ಕೆ ನೀರು ತುಂಬಿ, ಹೊರಗೆ ಮೊಮ್ಮಗಳ ಅಡಿಪಟ್ಟಿಯನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದಿದ್ದಾರೆ. ದಿನಾ ಬೆಳಿಗ್ಗೆ ಎಂಟೂವರೆಗೆ, ಸರ್ಕಾರದವರು ಅಳೆಯುವ ಹೊತ್ತಿಗೇ, ಕನ್ನಡಕ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತು ಓದುತ್ತಾರೆ. ದಿನಕ್ಕೆ 204.4 ಮಿಲಿಮೀಟರ್ ದಾಟಿದರೆ ‘ಅತ್ಯಂತ ಭಾರಿ’. ಒಂದು ವರ್ಷ ಆಷಾಢದಲ್ಲಿ ಸಾಲಾಗಿ ದಿನವೂ ಅತ್ಯಂತ ಭಾರಿಯೇ! ಊರು ಹೆಮ್ಮೆಯಿಂದ ಉಬ್ಬಿತು. ಆಮೇಲೆ ನೋಡಿದರೆ ಬಾಟಲಿ ಇಟ್ಟದ್ದು ಸೂರಿನ ಕೆಳಗೆ, ಅರ್ಧ ಮಾಡಿನ ನೀರು ಅದಕ್ಕೇ ಬೀಳುತ್ತಿತ್ತು. ಈಗ ಅಂಗಳದ ನಡುವೆ ಇದೆ. ಹಾಗೆಂದು ಭಾವ ಅಪ್ರಾಮಾಣಿಕರಲ್ಲ. ಒಂದು ಬೆಳಿಗ್ಗೆ ಬಾಟಲಿಯೊಳಗೆ ಕಪ್ಪೆಯೊಂದು ಕೂತಿತ್ತು. ಅದನ್ನು ಮೆಲ್ಲಗೆ ಹೊರಗೆ ಬಿಟ್ಟು, ನೀರು ಎಷ್ಟು ಇಳಿಯಿತೆಂದು ನೋಡಿ, ಪುಸ್ತಕದಲ್ಲಿ ಬರೆದುಕೊಂಡರು: “ಕಪ್ಪೆ ಸೇರಿ 96, ಕಪ್ಪೆ ಬಿಟ್ಟು 88.”

ಭಾವನ ಮಾತಿಗೆ ನಿಜವಾದ ಬೆಲೆ ಬರುವುದು ತೋಟಕ್ಕೆ ಮದ್ದು ಹೊಡೆಯುವ ಸಮಯಕ್ಕೆ. ಅಡಿಕೆಗೆ ಕೊಳೆ ತಾಗದಿರಬೇಕಾದರೆ ಬೋರ್ಡೋ ಹೊಡೆಯಬೇಕು: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಕತ್ತಿಯ ಅಲಗನ್ನು ಅದ್ದಿ ತೆಗೆದರೆ ಕೆಂಪಗೆ ತಾಮ್ರ ಹಿಡಿಯಬಾರದು. ಹಿಡಿದರೆ ಇನ್ನಷ್ಟು ಸುಣ್ಣ. ಇಷ್ಟೆಲ್ಲ ಆದಮೇಲೆ ಮದ್ದು ಕೊನೆಗೆ ಅಂಟಿ ಒಣಗುವಷ್ಟು ಹೊಳವಾಗಬೇಕು. ಆ ಹೊಳ ಯಾವಾಗ? ರೇಡಿಯೋದ ಮುನ್ಸೂಚನೆ ‘ಉತ್ತರ ಕನ್ನಡ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತದೆ. ಅದರಲ್ಲಿ ಭಟ್ಕಳದ ಕಡಲೂ ಬಂತು, ಹಳಿಯಾಳದ ಕಬ್ಬಿನ ಹೊಲವೂ ಬಂತು. ಇಲ್ಲಿ ಗಟಾರ ತುಂಬಿ ಹರಿಯುವಾಗ ಹಳಿಯಾಳದವರು ಮೋಡ ನೋಡುತ್ತ ನಿಂತಿರುತ್ತಾರೆ. ಹಾಗಾಗಿ ಜನ ಭಾವನ ಹತ್ತಿರವೇ ಬರುವುದು. ಒಮ್ಮೆ ಕೊನೆಗೌಡ ಬಂದು, “ಹೆಗಡೇರೇ, ನಾಳೆ ಮರ ಹತ್ತಬಹುದಾ?” ಎಂದ. ಭಾವ ಮೊಬೈಲು ನೋಡಿ, ಆಕಾಶ ನೋಡಿ, ಶೇಕಡಾ 40 ಸಾಧ್ಯತೆ ಎಂದರು. ಅವನು ತಲೆ ಕೆರೆದುಕೊಂಡ. “ನಾನು ಶೇಕಡಾ 40 ಹತ್ತುಲೆ ಆಗೂದಿಲ್ಲ ಹೆಗಡೇರೇ. ಹತ್ತಿದ್ರೆ ಪೂರ್ತಿ ಹತ್ತಬೇಕು.”

ಇನ್ನು ಮಕ್ಕಳು. ಮಳೆ ಜೋರಾದ ಸಂಜೆ ಅವರ ಜಗಲಿಯಲ್ಲಿ ಮಕ್ಕಳ ಸಂತೆ. ರೆಡ್ ಅಲರ್ಟ್ ಎಂದರೆ ದೊಡ್ಡವರಿಗೆ ಭಯ, ಮಕ್ಕಳಿಗೆ ಹಬ್ಬ. “ಮಾವ, ನಾಳೆ ರಜೆಯಾ?” ಜಿಲ್ಲಾಧಿಕಾರಿಗಳ ಆದೇಶ ರಾತ್ರಿ ಬರುತ್ತದೆ, ತಾಲೂಕುಗಳ ಹೆಸರು ಹಾಕಿಕೊಂಡು. ಭಾವ ಅದನ್ನು ಲಾಟರಿ ಫಲಿತಾಂಶದಷ್ಟು ನಿಧಾನಕ್ಕೆ ಓದುತ್ತಾರೆ: “ಕಾರವಾರ... ಅಂಕೋಲಾ... ಕುಮಟಾ... ಹೊನ್ನಾವರ...” ನಮ್ಮ ಜೋಯಿಡಾ ಬಂದರೆ ಕಿರುಚಾಟ. ಬಾರದಿದ್ದರೆ ಮಕ್ಕಳ ಮುಖಕ್ಕಿಂತ ಭಾವನ ಮುಖವೇ ಸಣ್ಣದಾಗುತ್ತದೆ. ತಾವೇ ಹೋಂವರ್ಕ್ ಮಾಡಬೇಕಾಗಿದೆಯೋ ಎಂಬಂತೆ.

ಬೇಸಿಗೆಯಲ್ಲೂ ಅವರಿಗೆ ಪುರುಸೊತ್ತಿಲ್ಲ. ಭಾರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಎತ್ತಿನ ಚಕ್ಕಡಿ ಕಟ್ಟಿಕೊಂಡು ರೈತರು ಬರುತ್ತಾರಲ್ಲ, ಮುಂದಿನ ಮುಂಗಾರಿನ ಮಾತು ಅಲ್ಲೇ ಶುರು. “ಈ ಸಲ ಮಳಿ ಹೆಂಗ್ರಿ ಸರ?” ಭಾವ ಎಲ್ ನಿನೋ ತೆಗೆದರು. “ಅದು ಯಾವ ಊರಾಗ ಐತ್ರಿ?” ಪೆಸಿಫಿಕ್ ಸಾಗರದಲ್ಲಿ, ಪೆರು ದೇಶದ ಹತ್ತಿರ. ರೈತ ಎತ್ತಿಗೆ ಹುಲ್ಲು ಹಾಕುತ್ತಲೇ ಯೋಚಿಸಿ, “ಅಷ್ಟ ದೂರ ಇದ್ದದ್ದು ನಮ್ಮ ಹತ್ತೀಗೆ ಯಾಕ ಗಂಟ ಬಿದ್ದೈತ್ರಿ?” ಎಂದ. ಹವಾಮಾನ ಶಾಸ್ತ್ರಕ್ಕೆ ಇಷ್ಟು ಒಳ್ಳೆಯ ಪ್ರಶ್ನೆಯನ್ನು ನಾನು ಬೇರೆಲ್ಲೂ ಕೇಳಿಲ್ಲ. ಭಾವ ಅವನಿಗೆ ಚಹಾ ಕುಡಿಸಿದರು. ಉತ್ತರ ಇಲ್ಲದಾಗ ಅವರು ಚಹಾ ಕುಡಿಸುತ್ತಾರೆ.

ಅವರು ಬಾಯಿ ಮುಚ್ಚಿ ಕೂತದ್ದನ್ನೂ ಕಂಡಿದ್ದೇನೆ. 2021ರ ಜುಲೈಯಲ್ಲಿ ಅಣಶಿ ಘಟ್ಟ ಕುಸಿದು ಕಾರವಾರದ ದಾರಿ ಕಡಿದುಹೋಯಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಂದು ಜನರನ್ನು ಗಂಗಾವಳಿಗೆ ತಳ್ಳಿತು. ಎರಡೂ ಸಲ ಯಾವ ಚಂಡಮಾರುತವೂ ಇರಲಿಲ್ಲ, 169ರ ಪಟ್ಟಿಯ ಯಾವ ಹೆಸರೂ ಖರ್ಚಾಗಲಿಲ್ಲ. ದಿನವಿಡೀ ಸುರಿಯುವ ನಮ್ಮ ಮಾಮೂಲಿ ಮಳೆ, ಅಷ್ಟೇ. ಶಿರೂರಿನ ಸುದ್ದಿ ಬಂದ ದಿನ ಹೋಟೆಲಿನಲ್ಲಿ ಯಾರೋ, “ಎಂತ ಭಾವ, ನೀವು ಮೊದಲೇ ಹೇಳ್ಲಿಲ್ಲ?” ಎಂದು ಚೇಷ್ಟೆಗೆ ಕೇಳಿದರು. ಭಾವ ತಿರುಗಿ ಮಾತಾಡಲಿಲ್ಲ. ಮೇಷ್ಟ್ರೇ ಎದ್ದು ಕೇಳಿದವನನ್ನು ಗದರಿದರು. ಮರುದಿನದಿಂದ ಭಾವ ಹೊಸ ಕೆಲಸವೊಂದು ಹಿಡಿದಿದ್ದಾರೆ. ಮಳೆ ಎರಡು ದಿನ ಬಿಡದಿದ್ದರೆ ಊರ ಮೇಲಿನ ಗುಡ್ಡಕ್ಕೆ ಹೋಗಿ ದರೆಯಲ್ಲಿ ಹೊಸ ಬಿರುಕು ಬಿಟ್ಟಿದೆಯೋ, ಒರತೆಯ ನೀರು ಕೆಂಪಾಗಿದೆಯೋ ನೋಡಿ ಬರುತ್ತಾರೆ. ಇದನ್ನು ಹೋಟೆಲಿನಲ್ಲಿ ಹೇಳುವುದಿಲ್ಲ. ಪಂಚಾಯ್ತಿಗೆ ಹೇಳುತ್ತಾರೆ.

ಮಳೆಗಾಲದಲ್ಲಿ ಉಳವಿಗೆ ಬರುವ ಆಲೋಚನೆಯಿದ್ದರೆ ಒಂದು ಮಾತು. ರಸ್ತೆ ತೆರೆದಿದೆಯೇ ಎಂಬುದನ್ನು ದಾಂಡೇಲಿಯಲ್ಲಿ ಈ ಕಡೆಯಿಂದ ಬಂದ ಬಸ್ಸಿನ ಕಂಡಕ್ಟರನ್ನು ಕೇಳಿ. ಗುಡ್ಡದ ವಿಷಯ ಭಾವನನ್ನು ಕೇಳಿ, ನಂಬಿ. ಚಂಡಮಾರುತದ ವಿಷಯವನ್ನು ಮಾತ್ರ, ಎರಡು ತಾಸು ಬಿಡುವಿದ್ದು ಚಹಾದ ದುಡ್ಡು ಅವರೇ ಕೊಡುತ್ತಾರೆಂದು ಖಾತ್ರಿಯಾದ ಮೇಲೆ ಕೇಳಿ.