ಗೃಹನಿರ್ಮಿತ ಸೌರೋರ್ಜೆಯಿಂದ ವಿದ್ಯುದ್ ದ್ವಿಚಕ್ರದ ಉದರಂಭರಣೆ: ಕಾರವಾರ–ಅಂಕೋಲಾ ಪರಿಪ್ರೇಕ್ಷ್ಯದಲ್ಲಿ ಒಂದು ಬಹುಶಿಸ್ತೀಯ ಅಧ್ಯಯನ

ಸೂರ್ಯ, ಹೆಂಚಿನ ಮಾಡು, ಬೈಕು ಎಂಬ ತ್ರಿಪುಟಿಯ ಅಂತಃಸಂಬಂಧವನ್ನು ಸಮಸ್ಯೀಕರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. (ಸಮಸ್ಯೀಕರಿಸದೆ ಚಾರ್ಜು ಮಾಡಿದರೂ ಬೈಕು ಓಡುತ್ತದೆ, ಪಿಎಚ್.ಡಿ. ಸಿಗುವುದಿಲ್ಲ.) ಇದರ ಐತಿಹಾಸಿಕ ಬೇರನ್ನು 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹದಲ್ಲಿ ಗುರುತಿಸತಕ್ಕದ್ದು. ಅಂದು ಕಡಲಿನದು ಪುಕ್ಕಟೆ ಎಂದರು, ಇಂದು ಬಿಸಿಲಿನದು.

ಸೌರಚಾರ್ಜನವು ಪಂಚವಿಧ. ಒಂದು, ಅದ್ವೈತ: ಪ್ಯಾನೆಲಿನ ಡಿಸಿ ಕರೆಂಟು ಡಿಸಿಯಾಗಿಯೇ ಬೈಕಿನ ಬ್ಯಾಟರಿಯಲ್ಲಿ ಲೀನ. 36 ವೋಲ್ಟಿನ ಲಿಥಿಯಂ ಬ್ಯಾಟರಿ ತುಂಬಲು 42 ವೋಲ್ಟ್ ಬೇಕು, 330 ವಾಟಿನ ಪ್ಯಾನೆಲ್ ಕೊಡುವುದು 37ರ ಆಸುಪಾಸು. ನಡುವೆ ವೋಲ್ಟೇಜ್ ಏರಿಸುವ ಕಂಟ್ರೋಲರ್ ಎಂಬ ಗುರು ಅನಿವಾರ್ಯ. ಎರಡು, ದ್ವೈತ: ಪ್ಯಾನೆಲಿನಿಂದ ಹಳೇ ಇನ್ವರ್ಟರ್ ಬ್ಯಾಟರಿಗೆ ಡಿಸಿ, ಇನ್ವರ್ಟರಿನಲ್ಲಿ ಎಸಿ, ಬೈಕಿನ ಚಾರ್ಜರಿನಲ್ಲಿ ಪುನಃ ಡಿಸಿ. ಪ್ರತಿ ಜನ್ಮದಲ್ಲೂ ಒಂದಿಷ್ಟು ಕರೆಂಟು ಶಾಖವಾಗಿ ಸೋರುತ್ತದೆ. ಮೂರು, ವಿಶಿಷ್ಟಾದ್ವೈತ... ಇರಲಿ, ಉಳಿದವನ್ನು ವಿದ್ವಾಂಸರು ಚಹಾ ವಿರಾಮದಲ್ಲಿ ನೋಡಿಕೊಳ್ಳಲಿ.

ಛಾಯಾಮೀಮಾಂಸೆ: ತೆಂಗಿನ ಒಂದು ಗರಿಯ ನೆರಳು ಅಡ್ಡ ಬಿದ್ದರೆ ಸಾಕು, ಸಾಲಾಗಿ ಜೋಡಿಸಿದ ಸೆಲ್ಲುಗಳಿಂದಾಗಿ ಪ್ಯಾನೆಲಿನ ದೊಡ್ಡ ಪಾಲೇ ಮಲಗುತ್ತದೆ. ಲವಣಮೀಮಾಂಸೆ: ಕಡಲಗಾಳಿ ತಿಂದ ಕನೆಕ್ಟರ್ ಬಿಚ್ಚಿದರೆ ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು, ಉಗುರು ತಾಗಿದರೆ ಪುಡಿಪುಡಿ. ವರ್ಷಾಮೀಮಾಂಸೆ: ಜೂನ್ ಬಂತು, ಅಧ್ಯಾಯ ಮುಗಿಯಿತು.

ಈ ಭಾಷೆ ನನ್ನದಲ್ಲ. ವಿಚಾರ ಸಂಕಿರಣವೊಂದರಲ್ಲಿ ‘ಗ್ರಾಮೀಣ ಊರ್ಜಾ ಸ್ವಾವಲಂಬನೆಯ ಸಬಲೀಕರಣ’ ಕೇಳುತ್ತ ಕುಳಿತಿದ್ದೆ. ಕರೆಂಟು ಹೋಯಿತು. ಜನರೇಟರ್ ಹಾಕಿ ಸ್ವಾವಲಂಬನೆ ಮುಂದುವರಿಸಿದರು.

ಕಾರವಾರ ತಾಲೂಕಿನ ಕೈಗಾದಲ್ಲೇ 220 ಮೆಗಾವಾಟಿನ ನಾಲ್ಕು ಅಣುಘಟಕಗಳಿವೆ. ಮೊದಲನೆಯದು 962 ದಿನ ನಿಲ್ಲದೆ ಓಡಿ 2018ರಲ್ಲಿ ವಿಶ್ವದಾಖಲೆ ಬರೆಯಿತು. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಅಣೆಕಟ್ಟಿನ ಕೆಳಗೆ ಅಣೆಕಟ್ಟು. ಮುಳುಗಿದ ಊರುಗಳು ನಮ್ಮ ಜಿಲ್ಲೆಯವು; ತಲೆಯ ಮೇಲೆ ಹಾದುಹೋಗುವ ತಂತಿ ನಮ್ಮದಲ್ಲ. ಆಷಾಢದ ಗಾಳಿಗೆ ಒಂದು ಮರ ಬಿದ್ದರೆ ರಾತ್ರಿಯಿಡೀ ಕತ್ತಲೆ. ದೇಶಕ್ಕೆ ಬೆಳಕು ಕೊಟ್ಟ ಜಿಲ್ಲೆಯವನು ಬೈಕು ಓಡಿಸಲು ಮಾಡು ಹತ್ತಬೇಕೆ? ಇದನ್ನು ಯಾವ ಪರಿಪ್ರೇಕ್ಷ್ಯದಲ್ಲಿ ಇಡುತ್ತೀರಿ, ಸ್ವಾಮಿ?

ಹತ್ತುವುದೇ ಆದರೆ ಪ್ಯಾನೆಲನ್ನು ದಕ್ಷಿಣಕ್ಕೆ ಮುಖಮಾಡಿ ಹದಿನೈದು ಡಿಗ್ರಿ ಓರೆಯಲ್ಲಿ ಕೂರಿಸಿ. ಬ್ಯಾಟರಿಗೆ ಫ್ಯೂಸ್ ಹಾಕಿ. ವೋಲ್ಟೇಜ್ ಹೊಂದದ ಕಂಟ್ರೋಲರನ್ನು ಲಿಥಿಯಂ ಬ್ಯಾಟರಿಗೆ ಜೋಡಿಸಲೇಬೇಡಿ, ಬೆಂಕಿ ಹತ್ತೀತು. ಸಂಕಿರಣಕ್ಕೆ ಕರೆದರೆ ಹೋಗಬೇಡಿ.