ಪಿಜ್ಜ + ಅರಗಿ = ಬಿಜ್ಜರಗಿ: ಒಂದು ಮಹಾಪ್ರಬಂಧದ ಸಾರ

ವಿಜಯಪುರ ಜಿಲ್ಲೆ ತಿಕೋಟಾ ತಾಲ್ಲೂಕಿನ ಬಿಜ್ಜರಗಿಯ ಹೆಸರನ್ನು ಪಂಡಿತರು ಇದುವರೆಗೆ ಹೊಟ್ಟೆ ತುಂಬಿದ ಮೇಲೆ ವಿಚಾರಿಸಿದ್ದಾರೆ. ತಪ್ಪು ಅಲ್ಲೇ ಆಗಿದೆ. ಊಟದ ಹೊತ್ತು ಮೀರಿದಾಗ ಆ ಹೆಸರನ್ನು ಒಮ್ಮೆ ಅಂದು ನೋಡಬೇಕು. ‘ಪಿಜ್ಜ’ ಪೂರ್ವಪದ, ‘ಅರಗಿ’ ಉತ್ತರಪದ. ನಡುವಿನ ಅಕಾರ ಲೋಪವಾಗಿ ‘ಪಿಜ್ಜರಗಿ’. ಪಕಾರಕ್ಕೆ ಬಕಾರ ಬರುವುದು ಆದೇಶಸಂಧಿ: ಕಣ್ಣಿನ ಪನಿ ಕಂಬನಿಯಾದ ಹಾಗೆ. ಆದೇಶವಾಗಬೇಕಾದರೆ ಹಿಂದೊಂದು ಪದ ಇರಬೇಕಲ್ಲ ಎಂದು ವ್ಯಾಕರಣದ ಮಾಸ್ತರರು ತಕರಾರು ತೆಗೆಯುತ್ತಾರೆ. ಇತ್ತು. ಹಸಿದವರು ಯಾರೋ ಅದನ್ನು ತಿಂದಿದ್ದಾರೆ.

ಪಿಜ್ಜಾ ತಿಂದು ಅರಗಿಸಿಕೊಂಡವರ ಊರು ಎಂದು ಅರ್ಥ. ಇಲ್ಲ, ಹನ್ನೆರಡನೇ ಶತಮಾನದ ಕಲಚುರಿ ದೊರೆ ಬಿಜ್ಜಳನನ್ನು ಇಲ್ಲಿ ಹುಡುಕಬೇಕು ಎನ್ನುವವರಿಗೆ ಸಂಶೋಧಕರ ಉತ್ತರ ಚಿಕ್ಕದು: ಆ ವಾದದಲ್ಲಿ ಇತಿಹಾಸವಿದೆ, ಚೀಸ್ ಇಲ್ಲ.

ಪ್ರಬಂಧದ ಮುಖ್ಯ ಆಕರ ಒಂದು ಮೆನು ಕಾರ್ಡು. ಪ್ಲಾಸ್ಟಿಕ್ ಹೊದಿಕೆಯದು, ಮೂಲೆಯಲ್ಲಿ ಗ್ರೇವಿಯ ಮುದ್ರೆ ಬಿದ್ದಿದೆ. ವಿಜಯಪುರ ಪೇಟೆಯ ಒಂದು ‘ಫ್ಯಾಮಿಲಿ ರೆಸ್ಟೋರೆಂಟ್’ನದು, ಹೆಸರು ಬೇಡ, ಅಂಥವು ಜಿಲ್ಲಾ ಕೇಂದ್ರಕ್ಕೊಂದರಂತೆ ಸಿಗುತ್ತವೆ. ಎಡಪುಟಕ್ಕೆ ‘ಪಿಜ್ಜಾ’, ಬಲಪುಟಕ್ಕೆ ‘ಇಂಡಿಯನ್’, ನಡುವೆ ಒಂದು ಗೆರೆ. ದ್ರಾಕ್ಷಿ ಪಡದ ಕೆಲಸ ಮುಗಿದು, ಶೆಡ್ಡಿನಲ್ಲಿ ಒಣಗಿದ ಮನೂಕ ಮಾರಾಟವಾಗಿ, ಬಿಜ್ಜರಗಿಯ ಕುಟುಂಬವೊಂದು ಪೇಟೆಗೆ ಬಂದಾಗ ಈ ಕಾರ್ಡಿನ ಮುಂದೆ ಕೂರುತ್ತದೆ. ಮೊಮ್ಮಗ ಎಡಪಂಥೀಯ. ಅಪ್ಪ ಬಲಪಂಥೀಯ. ಆಯಿ ಕಾರ್ಡು ಮುಚ್ಚಿ ಸಪ್ಲೈಯರ್ ಹುಡುಗನನ್ನು ಕರೆಯುತ್ತಾಳೆ.

‘ತಮ್ಮಾ, ರೊಟ್ಟಿ ಅದಾವೇನ?’

‘ರೋಟಿ ಅದಾವ್ರಿ ಆಯಿ.’

‘ರೊಟ್ಟಿ ಕೇಳೀನಪಾ.’

‘ರೋಟಿ ಅದಾವ್ರಿ, ನಾನ್ ಅದಾವ್ರಿ, ಕುಲ್ಚಾ ಅದಾವ್ರಿ. ರೊಟ್ಟಿ ಇಲ್ರಿ.’

ಇಡೀ ಪ್ರಬಂಧ ಈ ನಾಲ್ಕು ಸಾಲಿನ ಭಾಷ್ಯ. ಒಂದು ಹ್ರಸ್ವ ದೀರ್ಘವಾಯಿತು, ಒಂದು ದ್ವಿತ್ವ ಹೋಯಿತು. ಅಷ್ಟರಲ್ಲಿ ಜೋಳ ಹೋಗಿ ಗೋಧಿ ಬಂತು, ಹಂಚು ಹೋಗಿ ತಂದೂರು ಬಂತು, ಬಿಜ್ಜರಗಿ ಹೋಗಿ ದಿಲ್ಲಿ ಬಂತು. ಬಲಪುಟವನ್ನು ಮೇಲಿಂದ ಕೆಳಗೆ ಓದಿದರೆ ಪನೀರ್ ಬಟರ್ ಮಸಾಲಾ, ಕಾಜು ಕರಿ, ದಾಲ್ ಮಖನಿ, ಜೀರಾ ರೈಸ್. ಎಣ್ಣೆಗಾಯಿ ಇಲ್ಲ, ಝುಣಕದ ವಡಿ ಇಲ್ಲ, ಪುಂಡಿಪಲ್ಯ ಇಲ್ಲ. ಅವೆಲ್ಲ ಹಿಂದಿನ ಗಲ್ಲಿಯ ಖಾನಾವಳಿಯಲ್ಲಿವೆ; ಅಲ್ಲಿ ಕಾರ್ಡೂ ಇಲ್ಲ, ಗೆರೆಯೂ ಇಲ್ಲ, ಅದನ್ನು ಯಾರೂ ‘ಇಂಡಿಯನ್’ ಎನ್ನುವುದೂ ಇಲ್ಲ. ಅದು ಬರೀ ಊಟ. ದಾಲ್ ಮಖನಿ, ಬಟರ್ ಚಿಕನ್‌ಗಳ ಜನಕ ಯಾರೆಂಬುದನ್ನು ಇತ್ಯರ್ಥ ಮಾಡಿಸಿಕೊಳ್ಳಲು ರಾಜಧಾನಿಯ ಎರಡು ಹೋಟೆಲ್ ಮನೆತನಗಳು 2024ರಲ್ಲಿ ದಿಲ್ಲಿ ಹೈಕೋರ್ಟಿನಲ್ಲಿ ನಿಂತಿದ್ದವು. ಎಣ್ಣೆಗಾಯಿಯ ಮೇಲೆ ಹಕ್ಕು ಸಾಧಿಸಲು ವಿಜಯಪುರದಲ್ಲಿ ಯಾರಾದರೂ ದಾವೆ ಹೂಡಿದರೆ ಜಿಲ್ಲೆಯ ಅಜ್ಜಿಯರೆಲ್ಲ ಪ್ರತಿವಾದಿಗಳಾಗಬೇಕಾಗುತ್ತದೆ.

ಇನ್ನು ಗೆರೆಯ ಎರಡೂ ಬದಿಯ ಸಾಮಾನನ್ನು ಪರೀಕ್ಷಿಸೋಣ. ಟೊಮ್ಯಾಟೊ, ಮೆಣಸಿನಕಾಯಿ, ಡೊಣ್ಣಮೆಣಸಿನಕಾಯಿ: ಮೂರರ ತವರೂ ಅಮೆರಿಕ ಖಂಡ. 1510ರಲ್ಲಿ ಪೋರ್ಚುಗೀಸರು ಗೋವಾವನ್ನು ಬಿಜಾಪುರದ ಆದಿಲ್‌ಶಾಹಿಗಳಿಂದ ಕಿತ್ತುಕೊಂಡರು. ಆಮೇಲೆ ಅವರ ಹಡಗುಗಳಲ್ಲೇ ಮೆಣಸಿನಕಾಯಿ ಈ ಕಡೆಗೆ ಬಂತು. ಸುಲ್ತಾನರಿಗೆ ಬಂದರು ಹೋಯಿತು, ನಾಡಿಗೆ ಖಾರ ದಕ್ಕಿತು. ಶೇಂಗಾ ಕೂಡ ದಕ್ಷಿಣ ಅಮೆರಿಕದ್ದೇ ಎಂಬ ಮಾತನ್ನು ಆಯಿಯ ಎದುರು ಆಡುವ ಧೈರ್ಯ ಸಂಶೋಧಕರಿಗೆ ಬರಲಿಲ್ಲ. ಅಂತೂ ಎಡಪುಟದ ಪನೀರ್ ಪಿಜ್ಜಾ, ಬಲಪುಟದ ಪನೀರ್ ಕಡಾಯಿ ಎರಡಕ್ಕೂ ಒಂದೇ ತಟ್ಟೆಯಿಂದ ಉಳ್ಳಾಗಡ್ಡಿ ಹೋಗುತ್ತದೆ. ಗೆರೆ ಕಾರ್ಡಿನ ಮೇಲಿದೆ, ಅಡುಗೆಮನೆಯಲ್ಲಿಲ್ಲ.

ನಿಜವಾದ ಗೆರೆ ಹಿಟ್ಟಿನಲ್ಲಿದೆ. ಗೋಧಿಯಲ್ಲಿ ಗ್ಲುಟೆನ್ ಇದೆ, ಎಳೆದಷ್ಟೂ ಬರುತ್ತದೆ. ಅದಕ್ಕೇ ನೇಪಲ್ಸಿನ ಬಾಣಸಿಗ ಕಣಕವನ್ನು ಗಾಳಿಯಲ್ಲಿ ತಿರುಗಿಸಿ, 400 ಡಿಗ್ರಿ ಮೀರಿದ ಕಟ್ಟಿಗೆ ಒಲೆಗೆ ತಳ್ಳಿ, ಒಂದೂವರೆ ನಿಮಿಷದೊಳಗೆ ಹೊರಗೆಳೆಯುತ್ತಾನೆ. ಈ ವಿದ್ಯೆಯನ್ನು ಯುನೆಸ್ಕೊ 2017ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಬಿಳಿಜೋಳದಲ್ಲಿ ಗ್ಲುಟೆನ್ ಇಲ್ಲ. ಕುದಿಯುವ ಎಸರು ಹಾಕಿ ಪಿಷ್ಟಕ್ಕೆ ಜಿಗುಟು ಬರಿಸಬೇಕು, ಬಿಸಿ ಇರುವಾಗಲೇ ನಾದಬೇಕು, ಅಂಗೈಯಿಂದ ಬಡಿಬಡಿದು ಅಗಲ ಮಾಡಬೇಕು. ಅದನ್ನು ಗಾಳಿಗೆ ಎಸೆದರೆ ತಲೆಯ ಮೇಲೆ ಹಿಟ್ಟಾಗಿ ಬೀಳುತ್ತದೆ. ಎರಡರಲ್ಲಿ ಯಾವುದು ಕಷ್ಟವೆಂದು ಯುನೆಸ್ಕೊದವರು ಒಮ್ಮೆ ತಿಕೋಟಾಕ್ಕೆ ಬಂದು, ಹಿಟ್ಟು ಕೈಗೆ ಹಚ್ಚಿಕೊಂಡು ಹೇಳಲಿ.

ತೆರಿಗೆ ಶಾಸ್ತ್ರವೂ ಈ ವಿಷಯದಲ್ಲಿ ಮೌನವಾಗಿಲ್ಲ. ಪಿಜ್ಜಾದ ಮೇಲೆ ಉದುರಿಸುವ ಟಾಪಿಂಗ್ ಪಿಜ್ಜಾ ಅಲ್ಲ, ಅದರಲ್ಲಿ ಸಸ್ಯದ ಕೊಬ್ಬು ಇರುವುದರಿಂದ ಚೀಸೂ ಅಲ್ಲ, ಆದ್ದರಿಂದ ಶೇಕಡ 18ರ ಜಿಎಸ್‌ಟಿ ಎಂದು ಹರಿಯಾಣದ ಮೇಲ್ಮನವಿ ಪ್ರಾಧಿಕಾರ 2022ರಲ್ಲಿ ಹೇಳಿತು. ‘ನೇತಿ ನೇತಿ’ ಎನ್ನುವ ಉಪನಿಷತ್ತಿನ ಕ್ರಮ ತೆರಿಗೆ ಇಲಾಖೆಯಲ್ಲಿ ಇನ್ನೂ ಜೀವಂತವಾಗಿದೆ.

ಅಳತೆಯಿಲ್ಲದೆ ಪ್ರಬಂಧವಿಲ್ಲ. 1656ರ ಗೋಳಗುಮ್ಮಟದ ಗುಮ್ಮಟ ಹೊರಗಿನಿಂದ ಸುಮಾರು 44 ಮೀಟರ್ ಅಡ್ಡಳತೆಯದು. ಅಷ್ಟು ಅಗಲದ ವೃತ್ತದಲ್ಲಿ ಏಳಿಂಚಿನ ಪಿಜ್ಜಾಗಳನ್ನು ಒತ್ತಾಗಿ ಹಾಸಿದರೆ, ದುಂಡು ದುಂಡಿನ ನಡುವಿನ ಸಂದು ಬಿಟ್ಟು, ಸುಮಾರು 55 ಸಾವಿರ ಹಿಡಿಯುತ್ತವೆ. ಒಳಗಿನ ಪಿಸುಮಾತಿನ ಮೊಗಸಾಲೆಯಲ್ಲಿ ನಿಂತು ಒಂದೇ ಪಿಜ್ಜಾ ಆರ್ಡರ್ ಮಾಡಿದವನಿಗೆ ಏಳು ಬಿಲ್ ಬರುವ ಅಪಾಯವಿದೆ.

ಕಾರ್ಡಿನ ಮೇಲಿನ ಇಂಥ ಗೆರೆಯನ್ನು ಅಳಿಸಿದವರು ದೂರದಲ್ಲಿದ್ದಾರೆ. ಸ್ಯಾನ್‌ಫ್ರಾನ್ಸಿಸ್ಕೊದ ಝಾಂಟೆ ಎಂಬ ಇಟಾಲಿಯನ್ ಪಿಜ್ಜಾ ಅಂಗಡಿಯನ್ನು 1980ರ ದಶಕದಲ್ಲಿ ಭಾರತೀಯ ಮೂಲದವರು ಕೊಂಡರು. ಹೆಸರು ಹಾಗೇ ಬಿಟ್ಟು, ಪಾಲಕ್, ಹೂಕೋಸು, ತಂದೂರಿ ಕೋಳಿಗಳನ್ನು ಪಿಜ್ಜಾದ ಮೇಲೇ ಹೇರಿದರು. ಎಡಪುಟ ಬಲಪುಟ ಒಂದೇ ತಟ್ಟೆ. ಆದರೆ ಅಲ್ಲಿಯೂ ರೊಟ್ಟಿ ಕೇಳಿದರೆ ರೋಟಿಯೇ ಬರುತ್ತದೆಂಬುದು ಸಂಶೋಧಕರ ಊಹೆ.

ಕ್ಷೇತ್ರಕಾರ್ಯದ ಕಡೆಯ ಟಿಪ್ಪಣಿ ಆಯಿಯದು. ಮೊಮ್ಮಗ ಪೊಟ್ಟಣ ಹರಿದು ಒರೆಗಾನೊ ಉದುರಿಸಿದ. ಆಯಿ ಮೂಸಿದಳು. ‘ಅಜವಾನ ಹಾಕ್ಯಾರ. ಹೊಟ್ಟಿಗಿ ಚಲೋ.’ ಎರಡರಲ್ಲೂ ಥೈಮಾಲ್ ಎಂಬ ಒಂದೇ ಘಾಟಿನ ವಸ್ತುವಿದೆ. ಪ್ರಯೋಗಾಲಯಕ್ಕೆ ಯಂತ್ರ ಬೇಕು, ಆಯಿಗೆ ಮೂಗು ಸಾಕಾಯಿತು. ‘ಅರಗಿ’ ಎಂಬ ಉತ್ತರಪದಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಸಂಶೋಧಕರಿಗೆ ಸಿಕ್ಕಿಲ್ಲ. ಚೀಸ್ ತಾಗಿದ ಭಾಗವನ್ನೆಲ್ಲ ಹುಡುಗ ತಿಂದು, ದಪ್ಪ ಅಂಚುಗಳನ್ನು ಬಿಟ್ಟ. ಅನ್ನ ಚೆಲ್ಲಬಾರದೆಂದು ಆಯಿ ಅವನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಊರಿಗೆ ತಂದಳು.

ರಾತ್ರಿ ಫ್ರಿಜ್ಜಿನಲ್ಲಿದ್ದ ಅಂಚು ಬೆಳಗಾಗುವಷ್ಟರಲ್ಲಿ ಸೆಟೆದುಕೊಂಡಿತ್ತು. ಆಯಿ ಒಂದನ್ನು ಕಟ್ಟನೆ ಮುರಿದಳು. ‘ಖಡಕ್ ಆಗೇದ’ ಎಂದು ಕೆನೆಮೊಸರು, ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದಳು. ಮಿಕ್ಕ ಎರಡನ್ನು ಒಯ್ದು ರೊಟ್ಟಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದಳು.